ಹದಿನೆಂಟು ಕಟ್ಟು ದೂರದ ದುಬೈ

ಮಧ್ಯಾಹ್ನ ಊಟವಾಗಿ ಹೊಲಿಗೆ ಮಿಶನ್ನಿನ ಸದ್ದು ಅರ್ಧ ಗಂಟೆ ನಿಂತಾಗ ನಾನೊಂದು ಕೆಲಸ ಮಾಡುತ್ತೇನೆ. ಕೆಲಸ ಅನ್ನುವುದಕ್ಕಿಂತ ಚಟ ಅನ್ನುವುದೇ ಸರಿ. ಮೊಬೈಲು ತೆಗೆದು, ಮನಸ್ಸಿಗೆ ಬಂದ ಎರಡು ಊರುಗಳ ಹೆಸರು ಒತ್ತಿ, ಇಲ್ಲಿಂದ ಅಲ್ಲಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳುವುದು. ಲಂಡನ್ನಿನಿಂದ ಸಿಡ್ನಿಗೆ ಹದಿನೇಳು ಸಾವಿರ ಕಿಲೋಮೀಟರು. ಹಾರುವ ಹೊತ್ತೇ ಇಪ್ಪತ್ತೆರಡು ಗಂಟೆ. ಟೋಕಿಯೋದಿಂದ ಬ್ರೆಜಿಲಿನ ಸಾವೊ ಪೌಲೋಗೆ ಅದಕ್ಕಿಂತಲೂ ಹೆಚ್ಚು. ಈ ಊರುಗಳಲ್ಲಿ ನನಗೆ ನೆಂಟರಿಲ್ಲ, ಇಷ್ಟರಿಲ್ಲ, ರವಿಕೆ ಹೊಲಿಸುವ ಗಿರಾಕಿಗಳಂತೂ ಮೊದಲೇ ಇಲ್ಲ. ಆದರೂ ಉತ್ತರ ಬಂದ ಕೂಡಲೇ ಹೊಟ್ಟೆಯೊಳಗೆ ಏನೋ ತಂಪಾಗುತ್ತದೆ. ಇಷ್ಟಿಷ್ಟು ದೂರದ ಊರುಗಳು ಭೂಮಿಯ ಮೇಲಿರುವಾಗ ದುಬೈ ಯಾವ ಮಹಾ!

ಒಂದು ದಿನ ಮಿಜಾರಿನಿಂದ ಪುಂಜಾಲಕಟ್ಟೆಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿಬಿಟ್ಟೆ. ಮೊಬೈಲು ಸುಮಾರು ಹೊತ್ತು ಸುತ್ತು ಹೊಡೆಯಿತು. ಆಮೇಲೆ ಈ ದಾರಿಗೆ ವಿಮಾನ ಇಲ್ಲ ಎಂದಿತು. ಹತ್ತಿರ ಕೂತಿದ್ದ ನನ್ನ ಗಂಡ ಬಗ್ಗಿ ನೋಡಿದರು.

"ನಿನಗೆ ಮಂಡೆ ಸಮ ಉಂಟಾ ಮಾರಾಯ್ತಿ? ಪುಂಜಾಲಕಟ್ಟೆಗೆ ವಿಮಾನ ಯಾಕೆ? ಮೂರು ಬಸ್ಸಿನಲ್ಲಿ ಹೋಗಿ ಬಾ."

ಮೂರು ಬಸ್ಸು. ಅದೇ ನನ್ನ ಹಣೆಬರಹ. ಮಿಜಾರು ಎಂದರೆ ನನ್ನ ಗಂಡನ ಮನೆ. ಅಲ್ಲೇ ಕಾಲೇಜಿನ ಹುಡುಗಿಯರ ಚೂಡಿದಾರ ಬಿಗಿ ಮಾಡಿಕೊಡುತ್ತ, ಟೀಚರುಗಳ ಸೀರೆಗೆ ಫಾಲ್ಸ್ ಹಾಕುತ್ತ ನನ್ನ ಮೂವತ್ತು ವರ್ಷ ಕಳೆದಿದೆ. ಪುಂಜಾಲಕಟ್ಟೆ ನನ್ನ ತವರು. ಅಲ್ಲಿ ಅಮ್ಮ, ತಮ್ಮ ಜಯ, ಅವನ ಹೆಂಡತಿ ಶಶಿ ಇದ್ದಾರೆ. ಮಿಜಾರಿನಿಂದ ಮೂಡುಬಿದಿರೆಗೆ ಒಂದು ಬಸ್ಸು. ಅಲ್ಲಿಂದ ವೇಣೂರಿನ ಮೇಲಾಗಿ ಗುರುವಾಯನಕೆರೆಗೆ ಇನ್ನೊಂದು. ಗುರುವಾಯನಕೆರೆಯಲ್ಲಿ ಇಳಿದು, ಬಂಟ್ವಾಳದ ಕಡೆಗೆ ಹೋಗುವ ಬಸ್ಸಿಗೆ ಬಾಯಿ ಬಿಟ್ಟುಕೊಂಡು ಕಾದು, ಅದರಲ್ಲಿ ನಿಂತುಕೊಂಡು ಹೋದರೆ ಪುಂಜಾಲಕಟ್ಟೆ. ಎಲ್ಲ ಸಲೀಸಾಗಿ ಸಿಕ್ಕಿದರೆ ಎರಡೂವರೆ ಗಂಟೆ.

ದುಬೈ ನನ್ನ ತಂಗಿ ಪುಷ್ಪ ಇರುವ ಊರು. ಇಪ್ಪತ್ತು ವರ್ಷದಿಂದ ಅಲ್ಲಿದ್ದಾಳೆ. ಅವಳ ಗಂಡ, ನಮ್ಮ ಭಾವ, ಅಲ್ಲಿ ಏಸಿ ರಿಪೇರಿ ಮಾಡುತ್ತಾರೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಬಹುದಿತ್ತು, ಆದರೆ ಅರುವತ್ತು ಸಮೀಪಿಸಿದ ಮೇಲೆ ಇನ್ನೆಂಥ ನಾಚಿಕೆ. ಅವಳ ಬಂಗಾರದ ಮೇಲೆ ಕಿಚ್ಚಲ್ಲ, ದೇವರಾಣೆ. ಅವಳು ತಂದುಕೊಡುವ ಅತ್ತರಿನ ಬಾಟಲಿ, ಹಾಲಿನ ಪುಡಿ, ನೋವಿನ ಎಣ್ಣೆ ಎಲ್ಲವನ್ನೂ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತೇನೆ. ಒಮ್ಮೆ ಅವಳು ಕೊಟ್ಟ ನೈಟಿಯ ಹೊಲಿಗೆ ಭುಜದ ಹತ್ತಿರ ಸೊಟ್ಟಗೆ ಹೋಗಿತ್ತು. ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ಆ ನೈಟಿಯನ್ನು ಹರಿಯುವವರೆಗೆ ತೊಟ್ಟೆ. ನನ್ನ ಕಿಚ್ಚಿನ ಮೂಲ ಬೇರೆ. ಅದು ಅಮ್ಮನ ಬೀಡಿಯಲ್ಲಿದೆ.

ನಮ್ಮ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು. ಮಡಿಲಲ್ಲಿ ತಡ್ಪೆ ಎಂಬ ಬಿದಿರಿನ ಮೊರ, ತಡ್ಪೆಯಲ್ಲಿ ನೆನೆಸಿ ಕತ್ತರಿಸಿದ ಎಲೆ, ಒಂದು ಮೂಲೆಯಲ್ಲಿ ಹೊಗೆಸೊಪ್ಪಿನ ಪುಡಿ, ಬೆರಳಿಗೆ ನೂಲು. ನಾವು ಹುಟ್ಟಿದಾಗಿನಿಂದ ಅಮ್ಮನ ಮಡಿಲಲ್ಲಿ ನಮಗಿಂತ ಹೆಚ್ಚು ಹೊತ್ತು ಕೂತದ್ದು ಆ ತಡ್ಪೆಯೇ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ಕಟ್ಟಿದ್ದನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡುವುದು. ಅಮ್ಮನಿಗೆ ಗಡಿಯಾರ ನೋಡುವ ಅಭ್ಯಾಸವೇ ಇರಲಿಲ್ಲ. ಹೊತ್ತನ್ನೆಲ್ಲ ಕಟ್ಟಿನಲ್ಲಿ ಹೇಳುತ್ತಿದ್ದಳು. ಅನ್ನ ಬೇಯಲು ಎರಡು ಕಟ್ಟು. ಮಗುವಿನ ಜ್ವರ ಇಳಿಯಲು ಆರು ಕಟ್ಟು. "ಒಂದು ಕಟ್ಟು ಆಗುವುದರೊಳಗೆ ನೀರು ತಂದಿಡದಿದ್ದರೆ ನೋಡು" ಎಂದರೆ ನಾನೂ ಪುಷ್ಪನೂ ಕೊಡ ಹಿಡಿದು ಓಡುತ್ತಿದ್ದೆವು. ಎಷ್ಟು ಹೊತ್ತೆಂದು ನಮಗೆ ಕಾಲಿನಲ್ಲೇ ಗೊತ್ತಾಗುತ್ತಿತ್ತು.

ಈ ಪುಷ್ಪ ಎಂಬವಳು ಚಿಕ್ಕಂದಿನಲ್ಲಿ ಬಸ್ಸು ಹತ್ತಿದರೆ ಸಾಕು, ವಾಂತಿ. ಬೆಳ್ತಂಗಡಿಗೆ ಹೋಗುವುದಾದರೆ ಮಡಂತ್ಯಾರು ದಾಟುವ ಮೊದಲು ಒಮ್ಮೆ, ಗುರುವಾಯನಕೆರೆಯಲ್ಲಿ ಇನ್ನೊಮ್ಮೆ. ಅವಳ ಪಕ್ಕ ನಿಂಬೆಹಣ್ಣು ಹಿಡಿದು ಕೂರುವ ಕೆಲಸ ನನ್ನದು. ಕಂಡಕ್ಟರನಿಂದ ಬೈಗುಳ ತಿನ್ನುವುದೂ ನಾನೇ. ಶಾಲೆಯ ಭೂಪಟದಲ್ಲಿ ಯಾವ ಊರು ಎಲ್ಲಿದೆ ಎಂದು ಕೋಲಿಟ್ಟು ತೋರಿಸುತ್ತಿದ್ದವಳು ನಾನು. ವಿಮಾನದ ಸದ್ದು ಕೇಳಿದರೆ ಅಂಗಳಕ್ಕೆ ಓಡಿ ಕುತ್ತಿಗೆ ನೋಯುವವರೆಗೆ ನೋಡುತ್ತಿದ್ದವಳೂ ನಾನೇ. ಆಕಾಶ ಸಿಕ್ಕಿದ್ದು ಮಾತ್ರ ನಿಂಬೆಹಣ್ಣಿನವಳಿಗೆ.

ಮದುವೆಯಾಗಿ ಅವಳು ಮೊದಲ ಸಲ ದುಬೈಗೆ ಹೊರಟ ದಿನ ಮನೆಯಲ್ಲಿ ಫೋನಿರಲಿಲ್ಲ. ರಸ್ತೆಯ ಆಚೆ ಬದಿಯ ಮೊಯ್ದಿನಬ್ಬ ಬ್ಯಾರಿಯ ಅಂಗಡಿಯಲ್ಲಿತ್ತು. ಜಯ ಬಜಪೆಯ ವಿಮಾನ ನಿಲ್ದಾಣದ ಬೂತಿನಿಂದ ಫೋನ್ ಮಾಡಿ, ವಿಮಾನ ಏರಿತು ಎಂದು ತಿಳಿಸಿದ. ಮೊಯ್ದಿನಬ್ಬ ಅಂಗಡಿಯ ಮೆಟ್ಟಿಲಲ್ಲಿ ನಿಂತು ಕೂಗಿದರು.

"ಓ ಕಮಲಕ್ಕಾ, ಮಗಳು ಮೇಲೆ ಹೋದ್ಳಂತೆ!"

"ಬಿಡ್ತು ಅನ್ನಿ ಬ್ಯಾರಿಗಳೇ, ಸರಿಯಾಗಿ ಹೇಳಿ" ಎಂದು ಅಮ್ಮ ಬೈದಳು. ಆಮೇಲೆ ತಡ್ಪೆ ಎಳೆದುಕೊಂಡು ಕೂತಳು. ಆವತ್ತು ಅವಳು ಊಟ ಮಾಡಲಿಲ್ಲ. ಕಟ್ಟಿದ ಕಟ್ಟುಗಳನ್ನು ಚಾಪೆಯ ಮೇಲೆ ಸಾಲಾಗಿ ಇಡುತ್ತ ಹೋದಳು. ಮಗಳು ದುಬೈಗೆ ಮುಟ್ಟಿದಳೆಂದು ಮೊಯ್ದಿನಬ್ಬ ಮತ್ತೆ ಕೂಗಿದಾಗ ಚಾಪೆಯ ಮೇಲೆ ಹದಿನೆಂಟು ಕಟ್ಟು ಇತ್ತು. ಅಮ್ಮ ಅದನ್ನು ಎರಡು ಸಲ ಮುಟ್ಟಿ ಮುಟ್ಟಿ ಎಣಿಸಿ, "ಹದಿನೆಂಟು ಕಟ್ಟು ದೂರ" ಎಂದಳು. ನಮ್ಮ ಮನೆಯ ಮಟ್ಟಿಗೆ ದುಬೈ ಎಲ್ಲಿದೆ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಆಮೇಲೆ ಪುಷ್ಪ ಬರುವಾಗ, ಹೋಗುವಾಗ ಪ್ರತೀ ಸಲ ಹೀಗೆಯೇ. ಈ ನಡುವೆ ಟಿಕೇಟಿನ ಒಂದು ದೊಡ್ಡ ಗಲಾಟೆ ಎದ್ದಿತು. ಜಯ ಟಿಕೇಟು ಓದಿ ನೋಡಿದರೆ, ಹೋಗುವಾಗ ಎಂಟೂವರೆಗೆ ಬಿಟ್ಟು ಹತ್ತೂಮುಕ್ಕಾಲಿಗೆ ಮುಟ್ಟುತ್ತದೆ, ಎರಡೂಕಾಲು ಗಂಟೆ. ಬರುವಾಗ ಎಂಟೂಕಾಲಿಗೆ ಬಿಟ್ಟರೆ ಮಧ್ಯಾಹ್ನ ಒಂದೂಕಾಲಿಗೆ. ಬರೋಬ್ಬರಿ ಐದು ಗಂಟೆ. ಒಂದೇ ದಾರಿ, ಒಂದೇ ವಿಮಾನ, ಇದೆಂಥ ಕತೆ?

"ಹೋಗುವಾಗ ಸಮುದ್ರದ ಕಡೆಗೆ ಇಳಿಜಾರು ಅಲ್ವಾ? ಬರುವಾಗ ಚಡಾವು" ಎಂದ ಜಯ. ಅವನು ಬಾಡಿಗೆ ಕಾರು ಓಡಿಸುವವನು. ಅವನ ಲೋಕದಲ್ಲಿ ಎಲ್ಲದಕ್ಕೂ ಗೇರು ಉಂಟು.

"ಚಡಾವೂ ಇಲ್ಲ, ಎಂತದೂ ಇಲ್ಲ. ಬರುವಾಗ ಲಗೇಜು ಎಷ್ಟು ಭಾರ ಇರ್ತದೆ ಗೊತ್ತುಂಟಾ ನಿನಗೆ?" ಎಂದರು ಮೊಯ್ದಿನಬ್ಬ. ಅವರ ಇಬ್ಬರು ಮಕ್ಕಳೂ ಗಲ್ಫಿನಲ್ಲಿದ್ದುದರಿಂದ ಅವರ ಮಾತಿಗೆ ತೂಕ ಹೆಚ್ಚು.

ಅಮ್ಮ ತಡ್ಪೆಯಿಂದ ತಲೆ ಎತ್ತದೆ ಹೇಳಿದಳು: "ಟಿಕೇಟು ಸುಳ್ಳು. ಹೋಗಲಿಕ್ಕೂ ಹದಿನೆಂಟು, ಬರಲಿಕ್ಕೂ ಹದಿನೆಂಟು. ಐದಾರು ಬೀಡಿ ಹೆಚ್ಚು ಕಡಿಮೆ."

ನೋಡಿ, ಅಮ್ಮನೇ ಸರಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಟಿಕೇಟಿನಲ್ಲಿ ಆಯಾ ಊರಿನ ಗಂಟೆ ಬರೆದಿರುತ್ತಾರೆ. ಭೂಪಟಕ್ಕೆ ಕೋಲಿಟ್ಟ ನನಗೆ ಅದು ಗೊತ್ತಿತ್ತು. ಕೈ ಆಡಿಸಿ ಆಡಿಸಿ ವಿವರಿಸಿದೆ, ಒಂದು ತೆಂಗಿನಕಾಯಿ ತಂದು ಸೂರ್ಯನ ಎದುರು ತಿರುಗಿಸಿಯೂ ತೋರಿಸಿದೆ. ಎಲ್ಲ ಕೇಳಿ ಅಮ್ಮ ಹೇಳಿದ್ದು, "ಆ ಕಾಯಿ ಒಡೆ ವಾರಿಜಾ, ಚಟ್ನಿಗೆ ಬೇಕು."

ಬೀಡಿಗಾದರೋ ಎಲ್ಲ ಊರಿನಲ್ಲೂ ಒಂದೇ ಗಂಟೆ. ಆ ಎಣಿಕೆ ಎಷ್ಟು ಪಕ್ಕಾ ಎಂದರೆ, ಒಮ್ಮೆ ಇಪ್ಪತ್ತು ಕಟ್ಟಾದರೂ ಫೋನು ಬರದಿದ್ದಾಗ ಅಮ್ಮ ಎದ್ದು ದೇವರಿಗೆ ದೀಪ ಹಚ್ಚಿದಳು. ಮಳೆಗೆ ಇಳಿಯಲಾಗದೆ ವಿಮಾನ ಆಕಾಶದಲ್ಲೇ ಸುತ್ತುತ್ತಿತ್ತೆಂದು ಮತ್ತೆ ತಿಳಿಯಿತು.

ಇನ್ನು ನನ್ನ ಸಂಕಟ ಕೇಳಿ. ದುಬೈಯಿಂದ ಬರುವ ವಿಮಾನ ಬಜಪೆಯಲ್ಲಿ ಇಳಿಯುವ ಮೊದಲು ಕೆಲವು ಸಲ ನಮ್ಮ ಮಿಜಾರಿನ ಮೇಲೆಯೇ ಹಾದು ಹೋಗುತ್ತದೆ. ಪುಷ್ಪ ಬರುವ ದಿನ ನಾನು ಮಿಶನ್ನಿನ ಎದುರು ಕೂತಿದ್ದರೂ ಕಿವಿ ಹೆಂಚಿನ ಮಾಡಿನ ಮೇಲೆ. ಒಂದು ಗಂಟೆಗೆ ಸದ್ದು ಕೇಳಿಸುತ್ತದೆ. ಅಂಗಳಕ್ಕೆ ಓಡುತ್ತೇನೆ. ಹೊಟ್ಟೆ ಬಿಳಿಯ ವಿಮಾನ, ಚಕ್ರ ಹೊರಗೆ ಬಿಟ್ಟುಕೊಂಡು, ನಾನು ಒಣಹಾಕಿದ ಲಂಗಗಳ ಮೇಲೆ ನೆರಳು ಬೀಳಿಸಿ ಹೋಗುತ್ತದೆ. ಕೂಡಲೇ ಬಾಗಿಲು ಹಾಕಿ ಚೀಲ ಹಿಡಿದು ನಾನೂ ಹೊರಡುತ್ತೇನೆ. ಒಂದು ಸಲವಾದರೂ ಅವಳಿಗಿಂತ ಮೊದಲು ತವರಿನ ಮೆಟ್ಟಿಲು ಹತ್ತಬೇಕು, "ಬಾ ಪುಷ್ಪ" ಎಂದು ನಾನೇ ಕರೆಯಬೇಕು ಎಂಬ ಹಟ.

ಅಂಥ ಒಂದು ದಿನ ಮೂಡುಬಿದಿರೆಯಲ್ಲಿ ಕೂಡಲೇ ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು. ಇವತ್ತು ಗೆದ್ದೆ ಅಂದುಕೊಂಡೆ. ವೇಣೂರಿನಲ್ಲಿ ಡ್ರೈವರು ಚಾ ಕುಡಿಯಲು ಇಳಿದ. ಗುರುವಾಯನಕೆರೆಯಲ್ಲಿ ನಾನು ಇಳಿಯುವುದಕ್ಕೂ ಬಂಟ್ವಾಳದ ಬಸ್ಸು ಮುಂದೆ ಹೋಗುವುದಕ್ಕೂ ಸರಿಯಾಯಿತು. "ಓಯ್, ನಿಲ್ಲಿಸಿ!" ಎಂದು ಚೀಲ ಬೀಸಿಕೊಂಡು ಓಡಿದೆ. ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ನೇತಾಡುತ್ತ, "ಹಿಂದಿನಿಂದ ಬರ್ತದೆ ಅಕ್ಕ, ಖಾಲಿ ಉಂಟು" ಎಂದು ಕೈ ಬೀಸಿದ. ಹಿಂದಿನಿಂದ ಬಂದದ್ದು ಅರ್ಧ ಗಂಟೆ ಬಿಟ್ಟು. ಖಾಲಿ ಇರಲಿಲ್ಲ.

ನಾನು ಬೆವರು ಒರೆಸಿಕೊಳ್ಳುತ್ತ ಮನೆಗೆ ಮುಟ್ಟಿದಾಗ ಪುಷ್ಪ ಕೋರಿ ರೊಟ್ಟಿ ಉಂಡು, ಕೈ ತೊಳೆದು, ಅಮ್ಮನ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದಳು. ಪೆಟ್ಟಿಗೆ ಬಿಚ್ಚಿಯೂ ಆಗಿತ್ತು. ಚಾಪೆಯ ಮೇಲೆ ಹದಿನೆಂಟು ಕಟ್ಟು ಸಾಲಾಗಿತ್ತು.

"ಈಗ ಬಂದೆಯಾ ನೀನು?" ಎಂದಳು ಅಮ್ಮ. "ಪುಷ್ಪ ಸಮುದ್ರ ದಾಟಿ ಬಂದು ಊಟ ಆಯ್ತು. ನಿನಗೆ ಮಿಜಾರಿನಿಂದ ಬರಲಿಕ್ಕೆ ಇಷ್ಟು ಹೊತ್ತಾ?"

ನಾನು ಚೀಲ ಕೆಳಗಿಡಲಿಲ್ಲ. "ನಾನು ಹೊರಟದ್ದು ಒಂದು ಗಂಟೆಗೆ. ಎಷ್ಟು ಕಟ್ಟು ಆಯ್ತು ನನಗೆ?" ಎಂದು ಕೇಳಿದೆ. ನಗುತ್ತ ಕೇಳಬೇಕೆಂದು ಅಂದುಕೊಂಡಿದ್ದೆ, ಸ್ವರ ಮಾತ್ರ ನಗಲಿಲ್ಲ.

ಅಮ್ಮ ನನ್ನ ಮುಖ ನೋಡಿದಳು. ನಿಜವಾಗಿಯೂ ಅವಳಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ. "ನಿನಗೆ ಎಂತಕ್ಕೆ ಎಣಿಸುವುದು ಮಗಾ? ನೀನು ಇಲ್ಲೇ ಇರುವವಳಲ್ವಾ?"

ಪುಷ್ಪ ನಕ್ಕಳು. ಜಯನೂ ನಕ್ಕ. ನಾನು ಒಳಗೆ ಹೋಗಿ, ಅವಳು ಉಂಡ ಬಟ್ಟಲು ತೊಳೆದೆ. ದೂರದ ಮಗಳಿಗೆ ಕೋರಿ ರೊಟ್ಟಿ, ಹತ್ತಿರದವಳಿಗೆ ಪಾತ್ರೆ ತೊಳೆಯುವ ಬೂದಿ. ತೊಳೆಯುತ್ತ ತೊಳೆಯುತ್ತ ಅಳು ಬಂತು. ಒಣಮೆಣಸಿನ ಘಾಟು ಎಂದೆ.

ನನಗೆ ಬೇಕಾದದ್ದು ಅಷ್ಟೇ. ಒಂದು ಸಲ, ಒಂದೇ ಒಂದು ಸಲ, ಅಮ್ಮ ನನಗಾಗಿ ಕೂತು ಎಣಿಸಬೇಕು. ನಾನು ದಾರಿಯಲ್ಲಿದ್ದೇನೆ ಎಂಬುದು ಅವಳ ಬೆರಳಿಗೆ ಗೊತ್ತಾಗಬೇಕು. ಅದಕ್ಕಾಗಿ ನಾನು ಮಾಡಿದ ಉಪಾಯಗಳನ್ನು ಹೇಳಿದರೆ ನೀವು ನಗುತ್ತೀರಿ, ನಗಿ. ಮೊಬೈಲು ಬಂದ ಹೊಸತರಲ್ಲಿ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದೆ. "ಅಮ್ಮಾ, ಬಸ್ಸು ಹತ್ತಿದೆ." "ಹಾಂ" ಎಂದಳು. ವೇಣೂರಿನಿಂದ ಮತ್ತೆ ಮಾಡಿದೆ. "ಅಮ್ಮಾ, ವೇಣೂರಿಗೆ ಮುಟ್ಟಿದೆ." "ಹಾಂ ಹಾಂ" ಎಂದಳು. ಗುರುವಾಯನಕೆರೆಯಿಂದ ಮೂರನೆಯ ಸಲ ಮಾಡಿದಾಗ ಅಮ್ಮ ಗಾಬರಿಯಾದಳು. "ಎಂತ ಮಗಾ, ಮೈ ಹುಷಾರಿಲ್ವಾ? ಅಳಿಯ ಎಂತಾದ್ರೂ ಹೇಳಿದ್ರಾ?" ಏನಿಲ್ಲ ಎಂದೆ. "ಹಾಗಾದರೆ ಇಡು, ಎಲೆ ಒಣಗ್ತಾ ಉಂಟು" ಎಂದು ಫೋನು ಇಟ್ಟಳು.

ಇದೆಲ್ಲ ಪುಷ್ಪನ ತಪ್ಪಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಕಿಚ್ಚು ಆರುತ್ತದೆಯೇ? ಅವಳು ಫೋನಿನಲ್ಲಿ "ಇಲ್ಲಿ ಬಿಸಿಲು ಅಂದರೆ ಬಿಸಿಲು ಅಕ್ಕ, ಹೊರಗೆ ಕಾಲಿಡಲಿಕ್ಕಿಲ್ಲ" ಎಂದರೆ, ನಮ್ಮಲ್ಲೇನು ಮಂಜು ಬೀಳುತ್ತದೆಯೇ ಎಂದು ಮನಸ್ಸಿನಲ್ಲಿ ಗೊಣಗುತ್ತಿದ್ದೆ. "ಊರಿನ ನೆನಪಾಗ್ತದೆ" ಎಂದು ಮೂಗು ಎಳೆದರೆ, ನಾಟಕ ಅನಿಸುತ್ತಿತ್ತು. ಲಂಡನ್ನು, ಸಿಡ್ನಿ ಹುಡುಕುವ ಚಟ ಅಂಟಿದ್ದು ಹೀಗೆ. ಅವಳಿರುವುದಕ್ಕಿಂತ ದೂರದ ಊರುಗಳನ್ನು ಹುಡುಕಿ ಅದನ್ನು ಕಟ್ಟಿಗೆ ಇಳಿಸುತ್ತಿದ್ದೆ. ಇಪ್ಪತ್ತೆರಡು ಗಂಟೆ ಎಂದರೆ ನೂರು ಕಟ್ಟಿನ ಹತ್ತಿರ. ನಾನು ಸಿಡ್ನಿಯಲ್ಲಿದ್ದಿದ್ದರೆ ಅಮ್ಮನಿಗೆ ವಾರದ ಎಲೆಯೇ ಸಾಲುತ್ತಿರಲಿಲ್ಲ.

ಆರು ವರ್ಷದ ಹಿಂದೆ ಅಮ್ಮ ಬೀಡಿ ಬಿಟ್ಟಳು. ಬೆರಳಿನ ಗಂಟುಗಳು ಊದಿ, ನೂಲು ನಿಲ್ಲದಾಯಿತು. ತಡ್ಪೆ ಅಟ್ಟಕ್ಕೆ ಹೋಯಿತು. ಈಗ ಮನೆಯಲ್ಲಿ ಶಶಿ ಮಾತ್ರ ಕಟ್ಟುತ್ತಾಳೆ, ಅವಳ ತಡ್ಪೆ ಬೇರೆ. ಪುಷ್ಪ ಬರುವಾಗ ಜಯ ಮೊಬೈಲಿನಲ್ಲಿ ಸಣ್ಣ ವಿಮಾನದ ಚಿತ್ರ ಸಮುದ್ರದ ಮೇಲೆ ಹರಿಯುವುದನ್ನು ತೋರಿಸುತ್ತಾನೆ. "ನೋಡಮ್ಮ, ಈಗ ಇಲ್ಲಿ ಇದ್ದಾಳೆ." ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಇರುವೆ ಹೋದ ಹಾಗೆ ಉಂಟು" ಎಂದು ಆಚೆ ತಿರುಗುತ್ತಾಳೆ. ಎಣಿಕೆ ನಿಂತಿತು. ಒಳಗೊಳಗೆ ನನಗೆ ಒಳ್ಳೆಯದೇ ಆಯಿತು ಅನಿಸಿತು, ಸುಳ್ಳು ಯಾಕೆ ಹೇಳಲಿ. ಇನ್ನು ಅವಳಿಗೂ ಇಲ್ಲ, ನನಗೂ ಇಲ್ಲ. ಆದರೆ ಎರಡು ದಿನ ಬಿಟ್ಟು ಹೊಳೆಯಿತು, ಅವಳಿಗೆ ಸಿಕ್ಕಿ ಮುಗಿದಿದೆ, ನನಗೆ ಸಿಗುವ ದಾರಿಯೇ ಮುಚ್ಚಿತು ಎಂದು. ಆವತ್ತು ಒಬ್ಬರ ರವಿಕೆಯ ತೋಳು ತಿರುಗಿಸಿ ಹೊಲಿದುಬಿಟ್ಟೆ.

ಹೀಗಿರುವಾಗ ಈ ವರ್ಷ ಪುಷ್ಪ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಭಾವ ಬೆಳಗ್ಗೆ ಹೋದರೆ ಸಂಜೆಯೇ ಬರುವುದು. ಫೋನಿನಲ್ಲಿ ಅಳುತ್ತ ಕೇಳಿದಳು: "ಅಕ್ಕ, ಒಂದು ತಿಂಗಳ ಮಟ್ಟಿಗೆ ಬರ್ತೀಯಾ? ತಲೆ ಬಾಚಲಿಕ್ಕೂ ಆಗುವುದಿಲ್ಲ ನನಗೆ."

ಮದುವೆಯ ಸೀಸನ್ನು, ಹದಿನಾಲ್ಕು ರವಿಕೆ ಬಾಕಿ ಉಂಟು, ಪಾಸ್‌ಪೋರ್ಟು ಇಲ್ಲ ಎಂದು ನಾಲ್ಕು ದಿನ ಬಿಗುಮಾನ ಮಾಡಿದೆ. ಐದನೆಯ ದಿನ ತುರ್ತು ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆ. ತಂಗಿಯ ಕೈ ನೋಡಿಕೊಳ್ಳಲು ಹೋಗುತ್ತಿದ್ದೇನೆ ಎಂದು ಊರಿಗೆಲ್ಲ ಹೇಳಿದೆ. ನಿಮ್ಮ ಹತ್ತಿರ ನಿಜ ಹೇಳುತ್ತೇನೆ: ನಾನು ವಿಮಾನ ಹತ್ತಿದರೆ ಅಮ್ಮ ಏನು ಮಾಡುತ್ತಾಳೆ ಎಂದು ನೋಡಬೇಕಿತ್ತು ನನಗೆ.

ಹೊರಡುವ ದಿನ ಬೆಳಗ್ಗೆ ತವರಿನಿಂದಲೇ ಹೊರಟೆ. ಅಮ್ಮ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಾಲು ಮುಟ್ಟಿದೆ. "ಎಣಿಸ್ತೀಯಾ?" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆ ಊದಿದ ಬೆರಳು ನೋಡಿ ನುಂಗಿದೆ.

"ಬರ್ತೇನೆ ಅಮ್ಮ."

"ಹೋಗಿ ಬಾ. ಪುಷ್ಪನಿಗೆ ಜಾಸ್ತಿ ಖಾರ ಹಾಕಬೇಡ" ಎಂದಳು. ಅಷ್ಟೇ. ಹೊರಟವಳು ನಾನು, ಬುದ್ಧಿಮಾತು ಪುಷ್ಪನ ಹೊಟ್ಟೆಯ ಬಗ್ಗೆ. ಜಯನ ಕಾರಿನಲ್ಲಿ ಬಂಟ್ವಾಳದವರೆಗೂ ಆ ಖಾರವನ್ನೇ ಮೆಲುಕು ಹಾಕಿದೆ.

ಬಜಪೆಗೆ ನಾನು ಹೊಸಬಳಲ್ಲ. ಎಷ್ಟೋ ಸಲ ಕಂಬಿಯ ಹೊರಗೆ ನಿಂತು ಪುಷ್ಪನಿಗೆ ಕೈ ಬೀಸಿದವಳು. ಒಳಗೆ ಹೋದದ್ದು ಇದೇ ಮೊದಲು. ಕಿಟಕಿಯ ಸೀಟು ಸಿಕ್ಕಿತು. ಕೂತ ಕೂಡಲೇ ಶಶಿಗೆ ಫೋನ್ ಮಾಡಿ, "ವಿಮಾನ ಹತ್ತಿದೆ, ಅಮ್ಮನಿಗೆ ಹೇಳು" ಎಂದೆ. "ಆಯ್ತಕ್ಕ" ಎಂದಳು. ಹಿಂದೆ ಕುಕ್ಕರಿನ ಸೀಟಿ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ವಿಮಾನ ಮೇಲೇರಿತು. ನಮ್ಮ ಮಾಡು ಕಾಣುತ್ತದೋ ಎಂದು ಮೂಗನ್ನು ಗಾಜಿಗೆ ಒತ್ತಿ ನೋಡಿದೆ. ಕಂಡದ್ದು ಮೊದಲು ಸಮುದ್ರ, ಆಮೇಲೆ ಬರೀ ಬಿಳಿ.

ಆಮೇಲೆ ವಾಂತಿ ಬಂತು. ಹೌದು ಮಾರಾಯ್ರೇ, ನನಗೇ! ಎದುರಿನ ಸೀಟಿನ ಹಿಂದೆ ಇ‌ಟ್ಟಿದ್ದ ಕಾಗದದ ಚೀಲ ಬಿಡಿಸುವಷ್ಟೂ ಪುರುಸೊತ್ತು ಸಿಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಉಪ್ಪಿನಂಗಡಿಯ ಹುಡುಗಿ ನನ್ನ ಬೆನ್ನು ತಿಕ್ಕಿದಳು. ನಿಂಬೆಹಣ್ಣು ಹಿಡಿದು ಕೂರುತ್ತಿದ್ದ ಅಕ್ಕನನ್ನು ಈ ಅವತಾರದಲ್ಲಿ ಪುಷ್ಪ ನೋಡಲಿಲ್ಲವಲ್ಲ ಎಂಬುದೊಂದೇ ಸಮಾಧಾನ. ಉಳಿದ ದಾರಿಯೆಲ್ಲ ಕಣ್ಣು ಮುಚ್ಚಿ ಒಂದೇ ಯೋಚನೆ. ಪುಷ್ಪ ಈ ಸೀಟಿನಲ್ಲಿ ಕೂತಾಗಲೆಲ್ಲ ಕೆಳಗೆ ಒಬ್ಬಳು ಉಣ್ಣದೆ ಕೂತು ಅವಳನ್ನು ದಾಟಿಸುತ್ತಿದ್ದಳು. ನನ್ನನ್ನು ಯಾರು ದಾಟಿಸುತ್ತಿದ್ದಾರೆ? ಶಶಿಯ ಕುಕ್ಕರು.

ದುಬೈಯಲ್ಲಿ ಇಳಿದು ಹೊರಗೆ ಬಂದಾಗ ಪುಷ್ಪ ಕೊರಳಿಗೆ ಕೈ ಕಟ್ಟಿಕೊಂಡು ಭಾವನ ಪಕ್ಕ ನಿಂತಿದ್ದಳು. ತಲೆ ಕೆದರಿತ್ತು. ಒಂದೇ ಕೈಯಲ್ಲಿ ನನ್ನನ್ನು ತಬ್ಬಿದಳು. "ಮೊದಲು ಅಮ್ಮನಿಗೆ ಫೋನ್ ಮಾಡುವ" ಎಂದು ತನ್ನ ಮೊಬೈಲನ್ನು ಎಡಗೈಯಲ್ಲಿ ಹಿಡಿದು, ಇಬ್ಬರಿಗೂ ಕೇಳುವ ಹಾಗೆ ದೊಡ್ಡದು ಮಾಡಿದಳು. ಎತ್ತಿದ್ದು ಶಶಿ.

"ಮುಟ್ಟಿದ್ರಾ ಅಕ್ಕ? ಅಯ್ಯೋ, ಇಲ್ಲಿ ನೋಡಬೇಕಿತ್ತು ನೀವು! ಅತ್ತೆ ಅಟ್ಟದಿಂದ ಅವರ ತಡ್ಪೆ ತೆಗೆಸಿದ್ರು. ನನ್ನ ಎಲೆ, ಪುಡಿ ಎಲ್ಲ ತಕ್ಕೊಂಡು ಕೂತವರು ಊಟಕ್ಕೂ ಏಳಲಿಲ್ಲ. ಕಟ್ಟಿದ್ದೆಲ್ಲ ಸಡಿಲ, ಪುಡಿ ಉದುರ್ತದೆ. ಬ್ರಾಂಚಿನಲ್ಲಿ ಒಂದನ್ನೂ ತಕ್ಕೊಳ್ಳುವುದಿಲ್ಲ."

ಫೋನು ಅಮ್ಮನ ಕೈಗೆ ಹೋಯಿತು. ಮೊದಲು ಉಸಿರು ಕೇಳಿಸಿತು.

"ಇಳಿದೆಯಾ ವಾರಿಜಾ?"

"ಇಳಿದೆ ಅಮ್ಮ."

"ನಾಲ್ಕು ಕಟ್ಟು ಆಯ್ತು. ಐದನೆಯದರಲ್ಲಿ ಹದಿಮೂರು." ಅಮ್ಮನ ಸ್ವರದಲ್ಲಿ ಒಂದು ಆಶ್ಚರ್ಯ. "ಪುಷ್ಪನಿಗೆ ಹದಿನೆಂಟು ಆಗ್ತಿತ್ತಲ್ಲ? ನಿನ್ನದು ಬೇಗ ಮುಟ್ಟಿತು ಮಗಾ. ನೀನು ಹತ್ತಿರವೇ ಇದ್ದೀ. ಹೆದರಬೇಡ."

ಇಪ್ಪತ್ತು ವರ್ಷ ಕಾದದ್ದು ಸಿಕ್ಕಿತ್ತು. ಸಮುದ್ರ ದಾಟಿ, ವಾಂತಿ ಮಾಡಿಕೊಂಡು ದುಬೈಗೆ ಬಂದರೂ ಅಮ್ಮನ ಎಣಿಕೆಯಲ್ಲಿ ನಾನು ಪುಷ್ಪನಿಗಿಂತ ಹತ್ತಿರದವಳೇ ಆಗಿ ಉಳಿದಿದ್ದೆ. "ಊಟ ಮಾಡು ಅಮ್ಮ" ಎಂದಷ್ಟೇ ಹೇಳಿದೆ.

ಫೋನು ಇಟ್ಟ ಮೇಲೆ ಪುಷ್ಪ ನೆಲ ನೋಡುತ್ತ ನಿಂತಿದ್ದಳು. "ನನಗೆ ಎಣಿಸುವುದು ಬಿಟ್ಟು ಆರು ವರ್ಷ ಆಯ್ತು" ಎಂದಳು. "ಬೆರಳು ಆಗುವುದಿಲ್ಲ ಅಂತ ಹೇಳಿದ್ಳಲ್ಲ ನನ್ನ ಹತ್ತಿರ. ನಿನಗೆ ಆಗ್ತದಾ?"

ಆ ಮುಖ ನನಗೆ ಚೆನ್ನಾಗಿ ಗೊತ್ತು. ಗುರುವಾಯನಕೆರೆಯ ಬಸ್‌ಸ್ಟ್ಯಾಂಡಿನಲ್ಲಿ, ಅಂಗಡಿಗಳ ಗಾಜಿನಲ್ಲಿ, ನಾನು ಅದನ್ನು ಎಷ್ಟು ವರ್ಷ ನೋಡಿಲ್ಲ! ಅಕ್ಕನಾದವಳು ಆಗ ಸಮಾಧಾನ ಹೇಳಬೇಕಿತ್ತು. ನಾನು ಹೇಳಿದ್ದು, "ನಾಲ್ಕು ಕಟ್ಟು, ಮತ್ತೆ ಹದಿಮೂರು."

ಸಂಜೆ ಅವಳ ತಲೆ ಬಾಚುತ್ತಿದ್ದೆ. ಅವಳು ಮೆಲ್ಲಗೆ ಶುರು ಮಾಡಿದಳು. "ಅಕ್ಕ, ದಾರಿ ಅಷ್ಟೇ ಅಲ್ವಾ? ಹೊತ್ತೂ ಅಷ್ಟೇ. ಹದಿನೆಂಟು ಆಗುವಲ್ಲಿ ನಾಲ್ಕು ಆಯ್ತು ಅಂದರೆ, ಅಮ್ಮನ ಕೈ..."

"ಸುಮ್ಮನಿರು ಮಾರಾಯ್ತಿ, ಲೆಕ್ಕ ಹಾಕಬೇಡ" ಎಂದೆ. ಇಬ್ಬರೂ ಹಾಕಿಯಾಗಿತ್ತು. ಬಾಚಣಿಗೆಯಲ್ಲಿ ಅವಳ ಕೂದಲು ಸಿಕ್ಕಿಕೊಂಡಿತು. ಎಳೆದೆ. ಅವಳು ಅತ್ತಳು, ನೋವಾಯಿತೆಂದಳು. ನಾನೂ ಅತ್ತೆ. ನನಗೆ ನೆಪ ಸಿಗಲಿಲ್ಲ.

ತಿಂಗಳು ಕಳೆದು ನಾನು ಊರಿಗೆ ಬಂದೆ. ಬರುವಾಗ ಅಮ್ಮನ ಎಣಿಕೆ ಮೂರು ಕಟ್ಟು, ಮತ್ತೆ ಇಪ್ಪತ್ತು. ಬ್ರಾಂಚಿಗೆ ಬೇಡವಾದ ಆ ಸೊಟ್ಟ ಬೀಡಿಗಳನ್ನೆಲ್ಲ ಶಶಿಯಿಂದ ಕೇಳಿ ತಂದು ಮಿಶನ್ನಿನ ಡ್ರಾಯರಿನಲ್ಲಿ, ನೂಲಿನ ಉಂಡೆಗಳ ಹಿಂದೆ ಇಟ್ಟಿದ್ದೇನೆ. ಬೀಡಿ ಸೇದದ ನನ್ನ ಗಂಡ ಡ್ರಾಯರು ಎಳೆದಾಗಲೆಲ್ಲ ಸೀನುತ್ತಾರೆ.

ಮೊನ್ನೆ ಪುಷ್ಪ ಫೋನ್ ಮಾಡಿದ್ದಳು. ಕೈ ಕೂಡಿದೆ, ಊರಿಗೆ ಬರುತ್ತಾಳೆ, ಟಿಕೇಟು ಆಗಿದೆ. ಏನೇನೋ ಮಾತಾಡಿ ಕೊನೆಗೆ ಸ್ವರ ಸಣ್ಣದು ಮಾಡಿದಳು.

"ಅಕ್ಕ, ನಾನು ಹೊರಡುವ ದಿನ ಅಮ್ಮನಿಗೆ ಒಂದು ಮಾತು ಹೇಳ್ತೀಯಾ? ನನಗೂ ಒಂದು ಸಲ ಎಣಿಸಲಿಕ್ಕೆ. ಎಷ್ಟಾದರೂ ಅಡ್ಡಿಯಿಲ್ಲ."

"ಅದಕ್ಕೆಂತ, ಹೇಳ್ತೇನೆ" ಎಂದೆ.

ಅದಾದ ಮೇಲೆ ಎರಡು ಸಲ ಪುಂಜಾಲಕಟ್ಟೆಗೆ ಹೋಗಿ ಬಂದೆ, ಮೂರು ಮೂರು ಬಸ್ಸಿನಲ್ಲಿ. ಅಮ್ಮನ ಎದುರು ಕೂತು ಚಾ ಕುಡಿದೆ, ಅವಳ ಬೆರಳಿಗೆ ಪುಷ್ಪ ಕಳಿಸಿದ ಎಣ್ಣೆಯನ್ನೇ ತಿಕ್ಕಿದೆ. ಹೇಳಲಿಲ್ಲ. ಈ ಸಲ ಅಮ್ಮ ಎರಡೇ ಕಟ್ಟು ಎಂದುಬಿಟ್ಟರೆ ಎಂಬ ಹೆದರಿಕೆಯೋ, ಇದೊಂದು ನನ್ನ ಹತ್ತಿರವೇ ಇರಲಿ ಎಂಬ ಹಳೆಯ ಹೊಟ್ಟೆಕಿಚ್ಚೋ, ನನಗೇ ಗೊತ್ತಾಗುತ್ತಿಲ್ಲ. ಅವಳು ಬರಲಿಕ್ಕೆ ಇನ್ನೂ ಎಂಟು ದಿನ ಉಂಟು.